ಅವ್ವನಿಗೆ ಕೊಟ್ಟ ಫುಲ್ ಟಿಕೆಟ್

ನಾನು ಬಸ್ ಕಂಡಕ್ಟರ್. ದೇವದುರ್ಗದಿಂದ ಅರಕೇರಾ ಮೇಲೆ ಹಾದು ಮಾನ್ವಿಗೆ ಹೋಗುವ ಬಸ್ಸು ನನ್ನದು. ನನ್ನ ಬಾಯಿ ಜೋರು ಅಂತ ಆ ದಾರಿಯ ಊರೂರಲ್ಲೂ ಹೆಸರಿದೆ. ಇರಲಿ ಬಿಡಿ. ಒಂದು ಕಾಲು ಇಡಲೂ ಜಾಗವಿಲ್ಲದ ಬಸ್ಸಿನಲ್ಲಿ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ? ಮನೆಗೆ ಬಂದ ಮೇಲೂ ಅದೇ ದನಿ ಇಳಿಯುವುದಿಲ್ಲ ಅನ್ನುವುದು ಮಾತ್ರ ನಿಜ. ನನ್ನ ಗಂಡ ಒಮ್ಮೊಮ್ಮೆ, "ಇದು ಮನಿ ಅದ, ಬಸ್ಸಲ್ಲ," ಅನ್ನುತ್ತಾನೆ.

ಯಾರಿಗೆ ಎಷ್ಟು ಟಿಕೆಟ್ ಅನ್ನುವುದು ನಮಗೆ ಬಾಯಿಪಾಠ. ಆರು ವರ್ಷದೊಳಗಿನ ಮಗುವಿಗೆ ಇಲ್ಲ, ಹನ್ನೆರಡರವರೆಗೆ ಅರ್ಧ. ಅರವತ್ತು ದಾಟಿದವರಿಗೆ ಕಾಲು ಭಾಗ ಕಡಿಮೆ. ಕಣ್ಣು ಕಾಣದವರಿಗೆ, ನಡೆಯಲಾಗದವರಿಗೆ, ಓದುವ ಹುಡುಗರಿಗೆ ಬೇರೆ ಬೇರೆ ಪಾಸು. ಬಸ್ಸು ಹತ್ತುತ್ತಿದ್ದಂತೆ ಎಂಟು ವರ್ಷದ ಹುಡುಗಿ ತಾಯಿಯ ತೊಡೆ ಏರಿ ಐದು ವರ್ಷದವಳಾಗುತ್ತಾಳೆ. ತಲೆಗೆ ಕಪ್ಪು ಹಚ್ಚಿಕೊಂಡ ಗಂಡಸರು ಟಿಕೆಟ್ ಕೇಳಿದ ಕೂಡಲೇ ಮುದುಕರಾಗುತ್ತಾರೆ. ಇದನ್ನೆಲ್ಲ ನೋಡಿ ನೋಡಿ ನನಗೆ ಮಂದಿಯ ವಯಸ್ಸು ಮೊಣಕಾಲು ನೋಡಿಯೇ ಗೊತ್ತಾಗಿಬಿಡುತ್ತದೆ.

ಆಮೇಲೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಯಪ್ಪಾ, ಆ ಮೊದಲ ತಿಂಗಳು! ಎಲ್ಲಿದ್ದರೋ ಇಷ್ಟು ಹೆಂಗಸರು ಅನ್ನಿಸಿತು. ಹೊಲ ಬಿಟ್ಟು, ಮನೆ ಬಿಟ್ಟು ಆಚೆ ಕಾಲಿಡದವರೆಲ್ಲ ತಲೆಗೆ ಎಣ್ಣೆ ಹಚ್ಚಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡು ಕುಪ್ಪಸದಲ್ಲಿಟ್ಟುಕೊಂಡು ನಿಂತಿರುತ್ತಿದ್ದರು. "ಎಲ್ಲಿಗೆ ಹೊಂಟೀರಿ ಯವ್ವಾ?" ಅಂದರೆ, "ಎಲ್ಲಿಗಿಲ್ಲವ್ವಾ, ಸುಮ್ನ," ಅಂತ ನಗುತ್ತಿದ್ದರು. ಗಂಡಸರಿಗೆ ಹೊಟ್ಟೆಯುರಿ. "ನಾವೇನು ಪಾಪ ಮಾಡೀವ್ರಿ ಮೇಡಂ?" ಅಂತ ಒಬ್ಬ ದಿನಾ ಕೇಳುತ್ತಿದ್ದ. "ಮುಂದಿನ ಜನ್ಮದಾಗ ಹೆಣ್ಣಾಗಿ ಹುಟ್ಟಿ ಬರ್ರಿ, ನಾನೇ ಕರದು ಕೊಡ್ತೀನಿ," ಅಂದೆ. ಅವತ್ತಿನಿಂದ ಆತ ಕೇಳುವುದು ಬಿಟ್ಟ.

ಫ್ರೀ ಅಂದರೆ ಟಿಕೆಟ್ ಇಲ್ಲ ಅಂತಲ್ಲ. ಸೊನ್ನೆ ರೂಪಾಯಿ ಅಂತ ಅಚ್ಚಾದ ಚೀಟಿಯನ್ನು ಪ್ರತಿಯೊಬ್ಬಳಿಗೂ ಕೊಡಬೇಕು. ಕೊಡುವ ಮೊದಲು ಕಾರ್ಡು ನೋಡಬೇಕು. ಕಾರ್ಡಿನಲ್ಲಿ ವಿಳಾಸ ನಮ್ಮ ರಾಜ್ಯದ್ದೇ ಇರಬೇಕು. ಇಲ್ಲದವಳಿಗೆ ಸೊನ್ನೆ ಚೀಟಿ ಕೊಟ್ಟು ಚೆಕಿಂಗಿನವರ ಕೈಗೆ ಸಿಕ್ಕರೆ ಮೆಮೊ ಬರುವುದು ನನಗೆ, ಅವಳಿಗಲ್ಲ. ನಮ್ಮ ಜಿಲ್ಲೆಯಲ್ಲಿ ಇದೊಂದು ದೊಡ್ಡ ತಲೆನೋವು. ಗಡಿ ಇಲ್ಲೇ ಮಗ್ಗುಲಲ್ಲಿದೆ. ನಮ್ಮ ಹುಡುಗಿಯರನ್ನು ಗದ್ವಾಲಕ್ಕೆ ಕೊಟ್ಟಿರುತ್ತಾರೆ, ಅಲ್ಲಿಯವರನ್ನು ಇಲ್ಲಿಗೆ ತಂದಿರುತ್ತಾರೆ. ಬಾಯಿಬಿಟ್ಟರೆ ನಮ್ಮದೇ ಮಾತು, ಕಾರ್ಡು ಮಾತ್ರ ತೆಲಂಗಾಣದ್ದು. ಅಂಥ ಒಬ್ಬ ಬಸುರಿಗೆ ಅಯ್ಯೋ ಪಾಪ ಅಂತ ಸೊನ್ನೆ ಚೀಟಿ ಕೊಟ್ಟು ಒಂದು ಮೆಮೊ ತಿಂದಿದ್ದೆ. ಇನ್ನೊಂದು ಬಂದರೆ ನೌಕರಿಗೇ ಕುತ್ತು ಅಂತ ಡಿಪೊದಲ್ಲಿ ಹೇಳಿ ಕಳಿಸಿದ್ದರು.

ಅದಾದ ಮುಂದಿನ ವಾರವೇ ನಮ್ಮವ್ವ ನನ್ನ ಬಸ್ಸು ಹತ್ತಿದಳು.

ಅವ್ವ ಇರುವುದು ಅರಕೇರಾದಲ್ಲಿ, ನಾನು ಹುಟ್ಟಿದ ಮನೆಯಲ್ಲೇ. ಮಗಳು ಕಂಡಕ್ಟರ್ ಅಂತ ಓಣಿಯಲ್ಲಿ ಅವಳದು ಸ್ವಲ್ಪ ಜಂಬ. ಅವತ್ತು ಓಣಿಯ ನಾಲ್ಕು ಮಂದಿ ಗೆಳತಿಯರನ್ನು ಹೊರಡಿಸಿಕೊಂಡು ಬಂದಿದ್ದಳು. ಜೀವಮಾನವಿಡೀ ಕಳೆ ತೆಗೆಯಲು, ಹತ್ತಿ ಬಿಡಿಸಲು ಕೂಡಿ ಹೋದವರು ಮೊದಲ ಸಲ ಏನೂ ಕೆಲಸವಿಲ್ಲದೆ ಕೂಡಿ ಹೊರಟಿದ್ದರು. ಮಾನ್ವಿಗೆ ಹೋಗಿ ಬಳೆ ಇಡಿಸಿಕೊಂಡು, ಮಿರ್ಚಿ ಭಜಿ ತಿಂದು ಬರುವುದಂತೆ. "ನನ್ನ ಮಗಳ ಬಸ್ಸದು, ಜಾಗ ಹಿಡಿದಿಟ್ಟಿರ್ತಾಳ," ಅಂತ ಹೇಳಿ ಕರೆತಂದಿದ್ದಾಳೆ. ಜಾಗ ಎಲ್ಲಿಂದ ಬರಬೇಕು? ನಿಂತೇ ಇದ್ದರು, ನಗುತ್ತಲೇ ಇದ್ದರು.

ನಾಲ್ಕು ಕಾರ್ಡು ನೋಡಿ ನಾಲ್ಕು ಸೊನ್ನೆ ಚೀಟಿ ಕೊಟ್ಟೆ. ಐದನೆಯದು ಅವ್ವನದು. ನೋಡಿದೆ. ತೆಲಂಗಾಣ.

ನನಗೆ ಗೊತ್ತಿರಬೇಕಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಹನ್ನೊಂದು ವರ್ಷ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದವಳು. ಮೊಹರಂನ ಅಲಾಯಿ ಹಬ್ಬಕ್ಕೊಮ್ಮೆ, ಯುಗಾದಿಗೊಮ್ಮೆ ಬರುತ್ತಿದ್ದಳು. ಆಧಾರ್ ಮಾಡಿಸಿದ್ದು ಅಲ್ಲೇ. ಇಲ್ಲಿ ವೋಟಿನ ಪಟ್ಟಿಯಿಂದ ಅವಳ ಹೆಸರು ಎಂದೋ ಬಿದ್ದುಹೋಗಿತ್ತು, ರೇಷನ್ ಕಾರ್ಡು ಅಜ್ಜಿ ತೀರಿಕೊಂಡಾಗ ಅವಳ ಜೊತೆಗೇ ಹೋಗಿತ್ತು. ಊರ ಹೆಂಗಸರ ಕಾರ್ಡೆಲ್ಲ ತಿರುಗಿಸಿ ತಿರುಗಿಸಿ ನೋಡುವ ನಾನು ಹಡೆದವಳ ಕಾರ್ಡು ಒಮ್ಮೆಯೂ ನೋಡಿರಲಿಲ್ಲ ನೋಡಿ.

"ಚೀಟಿ ಹರಿಯವ್ವಾ, ಮಂದಿ ಕಾಯಾಕತ್ತಾರ," ಅಂದಳು ಅವ್ವ.

"ಯವ್ವಾ, ಇದು ನಡೆಯಂಗಿಲ್ಲ ಬೇ," ಅಂದೆ ಮೆಲ್ಲಗೆ. "ಇದರಾಗ ಹೈದರಾಬಾದ್ ಅಂತ ಅದ. ಟಿಕೆಟ್ ತಗೋಬೇಕಾಗ್ತದ. ರೊಕ್ಕ ನಾ ಹಾಕ್ತೀನಿ."

"ಏನ ಅದ? ನಿನ್ನ ಹಡದಾಕಿ ನಾನು. ನನಗೇ ಚೀಟಿ ಇಲ್ಲೇನು?"

ಗೆಳತಿಯರು ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ ಗದ್ವಾಲದ ಹೆಂಗಸೊಬ್ಬಳು ತಿರುಗಿ ನೋಡಿದಳು. ಹಿಂದಿನ ಸ್ಟಾಪಿನಲ್ಲಷ್ಟೇ ಅವಳಿಗೆ, 'ನಿಮಗ ಫ್ರೀ ಇಲ್ಲ, ರೊಕ್ಕ ತೆಗೀರಿ,' ಅಂತ ಜಬರಿಸಿ ಟಿಕೆಟ್ ಕೊಟ್ಟಿದ್ದೆ. ಅವಳು ನನ್ನ ಮುಖ ನೋಡುತ್ತಾ ಕೂತಳು. ಹಿಂದಿನಿಂದ ಯಾರೋ, "ಅವ್ವ ಇದ್ರ ಏನಾತ್ರಿ, ಬಿಟ್ಟುಬಿಡ್ರಿ," ಅಂದರು. ಇನ್ನೊಬ್ಬರು, "ತಮ್ಮ ಮಂದಿಗೆ ಒಂದು, ಬ್ಯಾರೆದವ್ರಿಗೆ ಒಂದು ಕಾಯ್ದೆ," ಅಂದರು. ನನ್ನ ತಲೆ ಕೆಟ್ಟಿತು. ಆ ಹಾಳು ಬಾಯಿ ತೆರೆಯಿತು.

"ನೀ ಈ ರಾಜ್ಯದಾಕಿ ಅಲ್ಲ ಬೇ! ನಿನಗ ಫ್ರೀ ಬರಂಗಿಲ್ಲ ಅಂದ್ರ ಬರಂಗಿಲ್ಲ!"

ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ. ಅವ್ವ ಸೆರಗಿನ ಗಂಟು ಬಿಚ್ಚಿದಳು. ನಾನು, "ಬ್ಯಾಡ, ನಾ ಹಾಕ್ತೀನಿ," ಅಂದರೂ ಕೇಳಲಿಲ್ಲ. ಬಳೆಗೆ ಅಂತ ಕಟ್ಟಿಕೊಂಡಿದ್ದ ದುಡ್ಡನ್ನು ನನ್ನ ಕೈಗಿಟ್ಟು, "ಫುಲ್ ಟಿಕೆಟ್ ಕೊಡ್ರಿ ಮೇಡಮ್ಮಾರೆ," ಅಂದಳು. ಕೊಟ್ಟೆ. ಮಾನ್ವಿಯಲ್ಲಿ ನಾಲ್ಕು ಮಂದಿ ಬಳೆ ಇಡಿಸಿಕೊಂಡರು. ಅವ್ವ ಬರಿಗೈಯಲ್ಲಿ ಹೋಗಿ, ಸಂಜೆ ಬೇರೆ ಬಸ್ಸಿನಲ್ಲಿ ವಾಪಸ್ಸು ಬಂದಳಂತೆ.

ಅವತ್ತಿನಿಂದ ನನ್ನ ಬಸ್ಸು ಹತ್ತುವುದನ್ನೇ ಬಿಟ್ಟಳು. ಮನೆಗೆ ಹೋದರೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು, ಮಾತೂ ಆಡುತ್ತಿದ್ದಳು. ಬಸ್ಸಿನ ವಿಷಯ ಬಂತೋ, ಎದ್ದು ಒಳಗೆ ಹೋಗುತ್ತಿದ್ದಳು. ನನ್ನ ಬಸ್ಸು ಅರಕೇರಾದಲ್ಲಿ ನಿಂತಾಗ ಓಣಿಯ ಗೆಳತಿಯರು ಹತ್ತುತ್ತಿದ್ದರು. ನಾನು ಅವರ ಹಿಂದೆ ನೋಡುತ್ತಿದ್ದೆ. "ನಿಮ್ಮವ್ವ ಬರಂಗಿಲ್ಲಂತ," ಅನ್ನುತ್ತಿದ್ದರು. ನಾನು ಸೀಟಿ ಊದುತ್ತಿದ್ದೆ. ಊರಿನವಳಲ್ಲ ಅಂತ ನನ್ನ ಬಾಯಿಂದಲೇ ಹೇಳಿಸಿಕೊಂಡಳಲ್ಲ, ಹೇಗೆ ಬಂದಾಳು?

ಒಂದೇ ದಾರಿ ಇತ್ತು. ಕಾರ್ಡಿನಲ್ಲಿ ವಿಳಾಸ ಬದಲಿಸಿ ಅರಕೇರಾ ಅಂತ ಹಾಕಿಸುವುದು. ಪಂಚಾಯಿತಿಗೆ ನಾಲ್ಕು ಸಲ ಅಲೆದು, ಈಕೆ ಇದೇ ಊರಿನವಳು ಅಂತ ಫೋಟೊ ಮೇಲೆ ಸೀಲು ಹೊಡೆಸಿ ಕಾಗದ ಮಾಡಿಸಿದೆ. ಅವ್ವ ಮಾತ್ರ ಹೊರಡಲೊಲ್ಲಳು. ಒಂದು ವಾರ ಮೈಯಲ್ಲಿ ಹುಷಾರಿಲ್ಲ, ಒಂದು ವಾರ ಸಂತಿ, ಇನ್ನೊಂದು ವಾರ ಎಮ್ಮೆ ಈಯುತ್ತದಂತೆ. ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ, ಪಕ್ಕದ ಮನೆಯದು! ಕೊನೆಗೆ ರಜೆ ಹಾಕಿ, ಕೈಹಿಡಿದು ಎಳೆದುಕೊಂಡೇ ದೇವದುರ್ಗದ ಆಧಾರ್ ಕೇಂದ್ರಕ್ಕೆ ಹೋದೆ. ಎರಡು ತಾಸು ಪಾಳಿ ಕಾದ ಮೇಲೆ ನಮ್ಮ ಸರದಿ ಬಂತು. ಕಂಪ್ಯೂಟರಿನ ಮುಂದೆ ಕೂತವನು ಎಲ್ಲರಿಗೂ ಕೇಳುವಂತೆ ಕೇಳಿದ: "ಹಳೇ ಅಡ್ರೆಸ್ ತೆಗಿತೀನಿ, ಹೊಸಾದು ಹಾಕ್ತೀನಿ. ಆಗ್ಬಹುದೇನಮ್ಮಾ?"

ಅವ್ವ ಅವನ ಕೈಯಿಂದ ಕಾರ್ಡು ಕಿತ್ತುಕೊಂಡು, "ಬ್ಯಾಡ," ಅಂತ ಎದ್ದು ಹೊರಗೆ ನಡೆದೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಬಸ್ ಸ್ಟ್ಯಾಂಡ್ ಹತ್ತಿರ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದವಳನ್ನು ಹಿಡಿದು ಬಾಯಿಗೆ ಬಂದಂತೆ ಬೈದೆ. ನಿನಗ ಛಲ ಅದ, ನನ್ನ ಮರ್ಯಾದಿ ಕಳಿಬೇಕಂತ ಹಟ ಹಿಡದೀ, ಆ ದಿನದ್ದು ಇನ್ನೂ ಹೊಟ್ಯಾಗ ಇಟಗೊಂಡೀ ಅಂತ ಏನೇನೋ ಅಂದೆ. ಅವ್ವ ಚಹಾವನ್ನು ಸಾಸರಿಗೆ ಸುರಿದು ಆರಿಸಿಕೊಂಡು ಪೂರ್ತಿ ಕುಡಿದಳು.

"ಆತಾ?" ಅಂದಳು. "ಈಗ ನಾ ಹೇಳ್ಲಾ? ಇದರಾಗ ಏನಂತ ಅದ ಓದು."

ಓದಿದೆ. ಒಂದು ಪ್ಲಾಟ್ ನಂಬರು, ಒಂದು ಬಡಾವಣೆ, ಹೈದರಾಬಾದ್.

"ಅದು ಮನಿ ಅಲ್ಲ, ಬಿಲ್ಡಿಂಗು," ಅಂದಳು. ಆಧಾರ್ ಮಾಡುವವರು ಕೆಲಸದ ಜಾಗಕ್ಕೇ ಬಂದಿದ್ದರಂತೆ. ವಿಳಾಸ ಏನು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಇದ್ದದ್ದು ತಗಡಿನ ಶೆಡ್ಡಿನಲ್ಲಿ. ಮೇಸ್ತ್ರಿ, "ಎಲ್ಲರಿಗೂ ಇದೇ ಬರೀರಿ," ಅಂತ ಕಟ್ಟುತ್ತಿದ್ದ ಬಿಲ್ಡಿಂಗಿನ ನಂಬರು ಹೇಳಿದ್ದನಂತೆ. ನಮ್ಮ ಕಡೆಯ ಎಷ್ಟೋ ಕೂಲಿ ಮಂದಿ ಹೀಗೆ ಕಾಗದದ ಮೇಲೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನ ನಿವಾಸಿಗಳು.

"ಒಂಬತ್ತು ಅಂತಸ್ತು," ಅಂದಳು ಅವ್ವ. "ಕೆಳಗಿನ ಬುನಾದಿಯಿಂದ ಮ್ಯಾಲಿನ ಸ್ಲ್ಯಾಬ್ ತನಕ ನನ್ನ ತಲಿ ಮ್ಯಾಲೆ ಹೋಗ್ಯಾದ. ಅದು ಮುಗಿಯೂದ್ರಾಗ ನಮ್ಮನ್ನ ಬ್ಯಾರೆ ಕಡಿಗೆ ಕಳಿಸಿಬಿಟ್ರು. ಬಣ್ಣ ಹಚ್ಚಿದ್ದು ಸೈತ ನೋಡ್ಲಿಲ್ಲ ನಾನು. ಅಲ್ಲಿ ಯಾವ ಗ್ವಾಡಿ ಮ್ಯಾಲೂ ನನ್ನ ಹೆಸರಿಲ್ಲವ್ವಾ. ನನ್ನ ಹೆಸರು, ಆ ಬಿಲ್ಡಿಂಗು ಕೂಡಿ ಇರೂದು ಇದೊಂದು ಕಾರ್ಡಿನ್ಯಾಗ. ತೆಗಿ ಅಂದ್ರ ಹ್ಯಾಂಗ ತೆಗೀಲಿ?"

ನನ್ನ ಚಹಾ ತಣ್ಣಗಾಗಿತ್ತು. ಅವಳ ಪಕ್ಕದಲ್ಲಿ ಕೂತು ಅತ್ತೆ, ಸಮವಸ್ತ್ರ ಹಾಕಿರಲಿಲ್ಲ ಸದ್ಯ. ಅವ್ವ, "ಅಳಬ್ಯಾಡ, ಮಂದಿ ನೋಡ್ತಾರ," ಅಂತ ತನ್ನ ಸೆರಗನ್ನೇ ಕೊಟ್ಟಳು.

ಆ ಚಳಿಗಾಲ ಕಳೆದ ಮೇಲೆ ಎರಡು ದಿನ ರಜೆ ಹಾಕಿದೆ. "ನಡಿ, ನಿನ್ನ ಬಿಲ್ಡಿಂಗು ತೋರಿಸು," ಅಂದೆ. ಅವ್ವ ಮೊದಲು ಹುಚ್ಚೇನಲೇ ನಿನಗ ಅಂದಳು. ಆಮೇಲೆ ಒಂದು ತಾಸಿನೊಳಗೆ ತಯಾರಾಗಿ ನಿಂತಿದ್ದಳು. ರಾಯಚೂರಿಗೆ ಹೋಗಿ ರೈಲು ಹಿಡಿದು, ಲಿಂಗಂಪಲ್ಲಿಯಲ್ಲಿ ಇಳಿದು, ಅಲ್ಲಿಂದ ಸಿಟಿ ಬಸ್ಸು ಹತ್ತಿದೆವು. ಅಷ್ಟರಲ್ಲಿ ತೆಲಂಗಾಣದಲ್ಲೂ ಹೆಂಗಸರಿಗೆ ಬಸ್ಸು ಫ್ರೀ ಆಗಿತ್ತು. ಅಲ್ಲಿಯ ಕಂಡಕ್ಟರಮ್ಮ ಬಂದಳು. ಅವ್ವ ಕಾರ್ಡು ತೋರಿಸಿದಳು. ಆಕೆ ನೋಡಿ ಟಕ್ಕಂತ ಸೊನ್ನೆ ಚೀಟಿ ಕೊಟ್ಟಳು. ನಾನು ನನ್ನದು ತೋರಿಸಿದೆ. "ಕರ್ನಾಟಕಾ?" ಅಂದು ತಲೆಯಾಡಿಸಿ, ದುಡ್ಡಿಗೆ ಕೈ ಚಾಚಿದಳು. ಎಷ್ಟು ಬಿಗಿಯಾದ ಮುಖ ಅಂತೀರಿ! ನನ್ನದೇ ಮುಖ ನೋಡಿದ ಹಾಗಾಯಿತು.

ಅವ್ವ ನಕ್ಕಳು ನೋಡಿ, ಬಸ್ಸಿನಲ್ಲಿದ್ದವರೆಲ್ಲ ತಿರುಗುವ ಹಾಗೆ. "ತಗಿ ತಗಿ ರೊಕ್ಕ," ಅಂದಳು. "ನೀ ಈ ರಾಜ್ಯದಾಕಿ ಅಲ್ಲ ಬೇ! ನಿನಗ ಫ್ರೀ ಬರಂಗಿಲ್ಲ!" ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟೋ ತಿಂಗಳಿಂದ ಎದೆ ಮೇಲೆ ಕೂತಿದ್ದ ಆ ಮಾತನ್ನು ಅವಳೇ ಎತ್ತಿ ಒಗೆದಳು. ನಾನೂ ನಕ್ಕೆ, ಫುಲ್ ಟಿಕೆಟ್ ತಗೊಂಡೆ.

ದಾರಿ ಅವ್ವನಿಗೆ ಗುರುತು ಸಿಗಲಿಲ್ಲ. ಬಂಡೆಗಲ್ಲು ಇದ್ದ ಕಡೆಯೆಲ್ಲ ಅಂಗಡಿಗಳು, ಗಾಜಿನ ಕಟ್ಟಡಗಳು. ಕಾರ್ಡು ತೋರಿಸಿ ತೋರಿಸಿ ಕೇಳುತ್ತಾ ಹೋದೆವು. ಕೊನೆಗೆ ಒಂದು ಗೇಟಿನ ಮುಂದೆ ಅವಳೇ ನಿಂತಳು. ಕ್ರೀಮ್ ಬಣ್ಣದ ಒಂಬತ್ತು ಅಂತಸ್ತು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ, ಹೂವಿನ ಕುಂಡ. ವಾಚ್‌ಮನ್ ರಿಜಿಸ್ಟರ್ ಹಿಡಿದು ಎದ್ದು ಬಂದ, ನಮಗಿಂತ ಹಿರಿಯ ಮನುಷ್ಯ. ಯಾರ ಮನೆಗೆ ಬಂದಿರಿ, ಯಾವ ಫ್ಲ್ಯಾಟು ಅಂತ ತೆಲುಗಿನಲ್ಲಿ ಕೇಳಿದ. ನಾನು ಏನು ಹೇಳಲಿ ಅಂತ ತಡವರಿಸುತ್ತಿದ್ದರೆ ಅವ್ವ ಕಾರ್ಡನ್ನೇ ಅವನ ಕೈಗಿಟ್ಟಳು.

ಅವನು ಓದಿದ. ಗೇಟಿನ ಮೇಲಿನ ನಂಬರು ನೋಡಿದ. ಮತ್ತೆ ಓದಿದ. "ಇದು ನಮ್ಮ ಬಿಲ್ಡಿಂಗೇ ಅಮ್ಮಾ. ಆದರೆ ಫ್ಲ್ಯಾಟ್ ನಂಬರು ಇಲ್ಲವಲ್ಲ?" ಅಂದ.

"ಆಗ ಫ್ಲ್ಯಾಟು ಇರಲಿಲ್ಲಪ್ಪಾ," ಅಂದಳು ಅವ್ವ ತನ್ನ ಕಟ್ಟಡದ ತೆಲುಗಿನಲ್ಲಿ. "ಇನ್ನೂ ಗೋಡೆ ಎದ್ದಿರಲಿಲ್ಲ."

ಆ ಮನುಷ್ಯನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವ್ವನ ತಲೆಯನ್ನೂ ಕೈಗಳನ್ನೂ ನೋಡಿದ. ನಾನು ಸಹಿ ಮಾಡಲು ರಿಜಿಸ್ಟರಿಗೆ ಕೈ ಹಾಕಿದೆ. ಅವನು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡ. "ಇದು ಹೊರಗಿನಿಂದ ಬಂದವರಿಗೆ. ಇಲ್ಲಿಯವರು ಸಹಿ ಹಾಕಬೇಕಾಗಿಲ್ಲ," ಅಂದು ಗೇಟು ಪೂರ್ತಿ ತೆರೆದ. ಒಬ್ಬ ಮನುಷ್ಯ ಹೋಗಲು ಸಣ್ಣ ಬಾಗಿಲಿತ್ತು, ಅದನ್ನಲ್ಲ, ಕಾರು ಹೋಗುವ ದೊಡ್ಡದನ್ನೇ ತೆರೆದ.

ಲಿಫ್ಟು ಬೇಡ ಅಂದಳು ಅವ್ವ. ಮೆಟ್ಟಿಲು ಹತ್ತಿದೆವು. ಅವಳು ಕಂಬಿ ಹಿಡಿಯದೆ, ನಡುವೆ ನಿಲ್ಲದೆ ಹತ್ತಿದಳು, ನನಗೇ ಉಸಿರು ಸಾಲದು. ಪ್ರತಿ ಅಂತಸ್ತಿನಲ್ಲೂ ಒಂದು ಕ್ಷಣ ಗೋಡೆಯ ಮೇಲೆ ಅಂಗೈ ಇಡುತ್ತಿದ್ದಳು. "ಈ ಸ್ಲ್ಯಾಬ್ ಹಾಕಿದ ದಿನ ನೀ ಹತ್ತನೇತ್ತ ಪಾಸಾದಿ ಅಂತ ಫೋನ್ ಬಂತು," ಅಂದಳು ಎರಡನೆಯ ಅಂತಸ್ತಿನಲ್ಲಿ. "ಪೇಡೆ ಹಂಚೀನಿ ಇಲ್ಲೇ ನಿಂತು." ಏಳನೆಯದರಲ್ಲಿ, "ಇಲ್ಲಿದ್ದಾಗ ನಿನಗ ಪೀಯೂಸೀಯಾಗ ಇಂಗ್ಲಿಷ್ ಹೋತು. ಎರಡು ದಿನ ನಾನು ಉಣ್ಣಲಿಲ್ಲ. ಮತ್ತ ಕಟ್ಟಿ ಪಾಸಾದಿ, ಎಂಟನೇದು ಏಳೂದ್ರಾಗ."

ಅವಳು ಆ ಬಿಲ್ಡಿಂಗಿನ ಲೆಕ್ಕ ಹಿಡಿದದ್ದೇ ನನ್ನ ಪರೀಕ್ಷೆಗಳ ಮೇಲೆ. ನಾನು ಅವಳ ಹಿಂದೆ ಹತ್ತಿದೆ. ಆ ಹನ್ನೊಂದು ವರ್ಷ ಅವ್ವ ನನ್ನ ಬಿಟ್ಟು ಹೋಗಿದ್ದಾಳೆ ಅಂತ ಅಜ್ಜಿಯ ಮಗ್ಗುಲಲ್ಲಿ ಮಲಗಿ ಎಷ್ಟು ಸಿಟ್ಟು ಮಾಡಿದ್ದೆನೋ, ಅದೆಲ್ಲ ಆ ಮೆಟ್ಟಿಲ ಮೇಲೆ ನೆನಪಾಗಿ ನಾಚಿಕೆಯಾಯಿತು.

ಮೇಲಿನ ಮಾಳಿಗೆಯ ಮೇಲೆ ನೀರಿನ ಟಾಕಿಗಳ ನಡುವೆ ಬಹಳ ಹೊತ್ತು ನಿಂತಿದ್ದಳು. ಒಬ್ಬ ತಾಯಿ ಬಟ್ಟೆ ಹರವುತ್ತಿದ್ದಳು. "ಯಾವ ಫ್ಲೋರ್ ನಿಮ್ಮದು?" ಅಂತ ಹಿಂದಿಯಲ್ಲಿ ಕೇಳಿದಳು. ಅವ್ವ ಕೈಯಿಂದ ಕೆಳಗೆಲ್ಲ ತೋರಿಸಿ, "ಸಬ್," ಅಂದಳು. ಆಕೆ ತಮಾಷೆ ಅಂತ ನಕ್ಕಳು.

ಇಳಿದು ಬರುವಾಗ ವಾಚ್‌ಮನ್ ಕೂತುಕೊಳ್ಳಲು ತನ್ನ ಕುರ್ಚಿ ಕೊಟ್ಟು ನೀರು ಕೊಟ್ಟ. ಇಬ್ಬರೂ ಸಿಮೆಂಟಿನ ಬಗ್ಗೆ, ಈಗಿನ ಕೂಲಿಯ ಬಗ್ಗೆ ಮಾತಾಡಿದರು. ರೈಲಿನಲ್ಲಿ ಅವ್ವ ನನ್ನ ಹೆಗಲಿಗೆ ತಲೆ ಕೊಟ್ಟು ರಾಯಚೂರು ಬರುವವರೆಗೂ ಮಲಗಿದಳು.

ಪಂಚಾಯಿತಿಯ ಕಾಗದದ ಅವಧಿ ಅಷ್ಟರಲ್ಲಿ ಮುಗಿದು, ಮತ್ತೊಮ್ಮೆ ಅಲೆದು ಹೊಸದು ಮಾಡಿಸಬೇಕಾಯಿತು. ಈ ಸಲ ಅವ್ವನೇ ಬೆಳಿಗ್ಗೆ ಎದ್ದು ನನಗಿಂತ ಮೊದಲು ದೇವದುರ್ಗದ ಕೇಂದ್ರದ ಮುಂದೆ ಪಾಳಿ ಹಚ್ಚಿದ್ದಳು. ಕಂಪ್ಯೂಟರಿನವನಿಗೆ ನಮ್ಮ ಗುರುತು ಸಿಕ್ಕಿತು. ಹಿಂದಿನ ಸಲದ್ದು ನೆನಪಿದ್ದೇ ಇರಬೇಕು, ಕೀ ಒತ್ತುವ ಮೊದಲು ಕೈ ಮೇಲೆತ್ತಿ ಹಿಡಿದು, "ನೋಡ್ರಮ್ಮಾ, ಹೈದರಾಬಾದಿಂದು ಹೋಗ್ತದ. ತೆಗೀಲೋ ಬ್ಯಾಡೋ?" ಅಂತ ಕೇಳಿದ.

ಅವ್ವ ನನ್ನ ಕಡೆ ನೋಡಲಿಲ್ಲ.

"ತೆಗಿಯಪ್ಪಾ," ಅಂದಳು. "ನಾ ಹೋಗಿ ನೋಡಿ ಬಂದೀನಿ. ಗಟ್ಟಿ ಅದ."